ಬೋಣಿಯ ಟಿಕೇಟು

ಟಿಕೇಟು ಕೌಂಟರಿನ ಕಿಟಕಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ನಾನು ಕೂತಿದ್ದೆ. ಹೊರಗೆ ಜನ ಕೊಡೆಯ ಹಿಡಿಯಿಂದ ಹಲಗೆಗೆ ಕುಟ್ಟುತ್ತಿದ್ದರು. "ಅರೆ ಖೋಲೋ ಭೈ!" ಎಂದು ಒಬ್ಬ, "ಉಘಡಾ ನಾ!" ಎಂದು ಇನ್ನೊಬ್ಬ, "ಎಂತ ಮಾರಾಯ್ರೆ, ಒಳಗೆ ನಿದ್ದೆಯಾ?" ಎಂದು ನಮ್ಮ ಮಾಟುಂಗದವನೇ ಯಾರೋ ಮತ್ತೊಬ್ಬ. ಟಿಕೇಟಿನ ಕಟ್ಟು ನನ್ನ ಎದುರಿಗಿತ್ತು, ಚಿಲ್ಲರೆ ತುಂಬಿದ ಪೆಟ್ಟಿಗೆ ಪಕ್ಕದಲ್ಲಿತ್ತು. ಕಿಟಕಿ ತೆರೆಯುವ ಅಪ್ಪಣೆ ಮಾತ್ರ ಇನ್ನೂ ಬಂದಿರಲಿಲ್ಲ.

ನಾನು ಚೆನ್ನಯ. ಮಾಟುಂಗದ ಕೊರಗಪ್ಪ ಧಣಿಗಳ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುವವನು. ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಹಾಲಿನವನು ಬರುವುದು ಸ್ವಲ್ಪ ತಡವಾದರೆ ಎಮ್ಮೆ ಸತ್ತಿತೋ ಏನೋ ಅನ್ನುವಲ್ಲಿಯವರೆಗೆ ನನ್ನ ತಲೆ ಓಡುತ್ತದೆ. ಅಂಥವನನ್ನು ತಂದು ಪರೇಲಿನ ಒಂದು ಸಭಾಂಗಣದ ಟಿಕೇಟು ಗೂಡಿನಲ್ಲಿ ಕೂರಿಸಿ, ಹೊರಗೆ ಬೀದಿಯ ತಿರುವಿನವರೆಗೂ ಜನರನ್ನು ನಿಲ್ಲಿಸಿ, ಮೇಲಿನಿಂದ ಆಗಸ್ಟ್ ತಿಂಗಳ ಮಳೆ ಸುರಿಸಿದರೆ ನನ್ನ ಗತಿ ಏನಾಗಬೇಡ?

ಇದು ಎಪ್ಪತ್ತನಾಲ್ಕನೆಯ ಇಸವಿಯ ಮಾತು. ಮುಂಬಯಿಯಲ್ಲಿ ಮಳೆಗಾಲವೆಂದರೆ ಟೆನಿಸ್ಸಿಗೆ ರಜೆ. ಕೋರ್ಟುಗಳೆಲ್ಲ ಕೆಸರಾಗಿ, ಆಡುವವರು ಮನೆಯಲ್ಲಿ ಕೂತು ಇಸ್ಪೀಟು ಆಡುತ್ತಾರೆ. ನಮ್ಮ ಧಣಿ ಹೋಟೆಲು ಹಾಕುವ ಮೊದಲು ಫೋರ್ಟ್ ಎನ್ನುವ ಕೋಟೆಯ ಕಡೆಯ ಒಂದು ಜಿಮಖಾನಾ ಕ್ಲಬ್ಬಿನಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿದವರು. ಕ್ಯಾಂಟೀನಿನ ಅಡುಗೆಮನೆಗೆ ಒಂದು ಸಣ್ಣ ಕಿಟಕಿಯಿತ್ತಂತೆ. ಅಲ್ಲಿಂದ ಟೆನಿಸ್ ಕೋರ್ಟಿನ ಅರ್ಧ ಮಾತ್ರ ಕಾಣುತ್ತಿತ್ತಂತೆ. "ಈಚೆಯವ ಹೊಡೆದದ್ದು ಕಾಣ್ತದೆ ಚೆನ್ನಯ, ಆಚೆಯವ ಅದಕ್ಕೆ ಎಂತ ಮಾಡಿದ ಅಂತ ಚೆಂಡು ತಿರುಗಿ ಬಂದ ಮೇಲೆಯೇ ಗೊತ್ತಾಗುದು," ಎಂದು ಅವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅರ್ಧ ಕೋರ್ಟು ನೋಡಿಯೇ ಅವರಿಗೆ ಆ ಆಟದ ಹುಚ್ಚು ಹಿಡಿದಿತ್ತು. ಪೂರ್ತಿ ನೋಡಲು ಮೆಂಬರಾಗಿರಬೇಕು, ಮೆಂಬರಾಗಲು ಕೊರಗಪ್ಪ ಎಂಬ ಹೆಸರು ಸಾಲದು.

ಮಗಳು ವಿನೋದಿನಿಗೆ ಮಾತ್ರ ಆಟ ಕಲಿಸಿದರು. ಅವಳು ಕಾಲೇಜಿಗೆ ಆಡಿದಳು, ಇಂಗ್ಲಿಷಿನಲ್ಲಿ ಅರಳು ಹುರಿದ ಹಾಗೆ ಮಾತಾಡುವುದು ಕಲಿತಳು, ದೊಡ್ಡವರ ಪರಿಚಯ ಮಾಡಿಕೊಂಡಳು. ಆ ಹೊತ್ತಿಗೆ ದುಡ್ಡಿಗಾಗಿ ಆಡುವ ಆಟಗಾರರು ಊರೂರು ತಿರುಗಿ ಆಡುವ ಪದ್ಧತಿಯೂ ಬಂದಿತ್ತು. ಮಳೆಗಾಲದಲ್ಲಿ ಮಾಡಿನ ಕೆಳಗೆ ಒಂದು ಟೂರ್ನಮೆಂಟು ಮಾಡಿದರೆ ಹೇಗೆ ಎಂದು ಅಪ್ಪ ಮಗಳು ಸೇರಿ ಯೋಚಿಸಿದರು. ಗಿರಣಿ ಕಾರ್ಮಿಕರ ಸಭೆ ನಡೆಯುವ, ಎತ್ತರದ ತಗಡಿನ ಮಾಡಿನ ಈ ಸಭಾಂಗಣವನ್ನು ಹಿಡಿದರು. ಬಟ್ಟೆ ಕಂಪೆನಿಯೊಂದು ಬಹುಮಾನ ಕೊಡಲು ಒಪ್ಪಿತು. ಇಬ್ಬರು ಆಸ್ಟ್ರೇಲಿಯದವರು, ಒಬ್ಬ ಹಂಗೇರಿಯವನು, ಉಳಿದವರು ನಮ್ಮವರು, ಇಷ್ಟು ಆಟಗಾರರು ಬರುವುದೆಂದಾಯಿತು.

ಆದರೆ ಟೆನಿಸ್ ಸಂಘದ ಭರೂಚಾ ಸಾಹೇಬರು ಒಂದು ಕೊಕ್ಕೆ ಹಾಕಿದ್ದರು. "ಈ ವರ್ಷ ಮಾಡಿ ನೋಡಿ. ಮೊದಲ ಸಂಜೆ ನಾನೇ ಬರುತ್ತೇನೆ. ಕುರ್ಚಿಗಳು ಖಾಲಿ ಬಿದ್ದಿದ್ದರೆ ಮುಂದಿನ ವರ್ಷದಿಂದ ಇದು ಜಿಮಖಾನಾದಲ್ಲಿ. ಅಲ್ಲೇ ಮಾಡು ಹಾಕಿಸಿ ಆಡಿಸುತ್ತೇವೆ. ಪರೇಲಿನಲ್ಲಿ ಟೆನಿಸ್ ನೋಡುವವರು ಯಾರಿದ್ದಾರೆ?" ಎಂದಿದ್ದರು. ಅಂದಿನಿಂದ ಧಣಿಗಳಿಗೆ ಅನ್ನ ಇಳಿಯುತ್ತಿರಲಿಲ್ಲ. ಕೈಯಾರೆ ಹುಟ್ಟಿಸಿದ್ದು ಅದೇ ಅಡುಗೆಮನೆಯ ಕಿಟಕಿಯ ಆಚೆಗೆ ಹೋಗಿಬಿಟ್ಟರೆ ಎಂಬ ಹೆದರಿಕೆ.

ಜನ ಬರಲಿಲ್ಲವೇ? ಬಂದಿದ್ದರು. ಮಾಟುಂಗದಿಂದ ನಮ್ಮವರು, ತಮಿಳರು, ಕಾಲೇಜಿನ ಹುಡುಗಿಯರು, ದಾದರಿನ ಪಾರ್ಸಿ ಮುದುಕರು, ಪಾಳಿ ಮುಗಿಸಿ ಬಂದ ಗಿರಣಿಯವರು. ನಾಲ್ಕಕ್ಕೆ ಕಿಟಕಿ ತೆರೆಯುತ್ತದೆ, ಆರಕ್ಕೆ ಆಟ ಎಂದು ಗೋಡೆಗಳ ಮೇಲೆ ನಾವೇ ಹಚ್ಚಿದ್ದೆವು. ಈಗ ಐದು ಆಗುತ್ತ ಬಂದಿತ್ತು. ಬಂದ ಜನರನ್ನು ನಾವೇ ಮಳೆಯಲ್ಲಿ ತೊಯ್ಯಿಸುತ್ತ ಹೊರಗೆ ನಿಲ್ಲಿಸಿದ್ದೆವು.

ಯಾಕೆ ಎಂದರೆ, ಬೋಣಿ ಆಗಿರಲಿಲ್ಲ.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ ಎಂದು ಎಲ್ಲರಿಗೂ ಗೊತ್ತು. ನಮ್ಮ ಧಣಿಗಳಿಗೆ ಅದು ಇನ್ನೂ ಹೆಚ್ಚಿನದು. ಅವರ ಮೊದಲಿನ ಒಂದು ಚಹಾದಂಗಡಿ ಮುಚ್ಚಿಹೋಗಿತ್ತು. ಮಾಟುಂಗದ ಹೋಟೆಲು ತೆರೆದ ಬೆಳಿಗ್ಗೆ ಮೊದಲು ಒಳಗೆ ಬಂದವರು ದಾವಲಸಾಬರು. ವಿಜಾಪುರದ ಕಡೆಯವರು, ತಾಡಪತ್ರಿ, ಡೇರೆ, ಮಂಟಪದ ಬಟ್ಟೆ ಹೊಲಿಯುವವರು. ದಹಿಸರಿನಲ್ಲಿ ಮನೆ, ಮಾಟುಂಗದಲ್ಲಿ ಕೆಲಸ. ಅವತ್ತು ಅವರು ಚಹಾ ಬರುವ ಮೊದಲೇ ನಾಣ್ಯವನ್ನು ಗಲ್ಲೆಯ ಮೇಲಿಟ್ಟು "ಬರಕತ್ ಆಗ್ಲಿ" ಎಂದು ಏಳಿಗೆ ಹಾರೈಸಿದರಂತೆ. ಈ ಸಲ ಹೋಟೆಲು ಬೇರೂರಿ ನಿಂತಿತು. ಅಲ್ಲಿಂದೀಚೆಗೆ ದಿನಾ ಬೆಳಿಗ್ಗೆ ಅವರದೇ ಬೋಣಿ. ಧಣಿ ಆ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ನನ್ನ ಪೆಟ್ಟಿಗೆಗೆ ಹಾಕುತ್ತಾರೆ. ರಮಜಾನಿನಲ್ಲಿ ದಾವಲಸಾಬರು ಹಗಲು ಹನಿ ನೀರೂ ಕುಡಿಯುವುದಿಲ್ಲ. ಆದರೂ ಬೆಳಿಗ್ಗೆ ಬಂದು ನಾಣ್ಯ ಇಟ್ಟು, "ಚಾ ಸಂಜಿಗೆ ಕುಡಿತೇನ್ರಿ" ಎಂದು ಹೋಗುತ್ತಾರೆ.

ಇದರಲ್ಲಿ ಒಂದು ವಿಚಿತ್ರ ಉಂಟು. ಈ ವಿಷಯ ಧಣಿ ದಾವಲಸಾಬರ ಹತ್ತಿರ ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ. ಬೋಣಿಯನ್ನು ಕರೆಯಬಾರದು, ತಾನಾಗಿ ಬರಬೇಕು ಎಂಬುದು ಅವರ ನಿಯಮ. ಕರೆದು ಮಾಡಿಸಿದರೆ ಭಿಕ್ಷೆ ಬೇಡಿದ ಹಾಗಂತೆ. ಬೆಳಿಗ್ಗೆ ದಾವಲಸಾಬರು ಬರುವ ಹೊತ್ತಿಗೆ ಧಣಿ ಬಾಗಿಲಿಗೆ ಬೆನ್ನು ಹಾಕಿ ನಿಂತು ಊದುಬತ್ತಿ ಹಚ್ಚುತ್ತಿರುತ್ತಾರೆ. ಕಾಯುತ್ತಿದ್ದಾರೆ ಎಂದು ಕಾಣಬಾರದಲ್ಲ! ಕಿವಿ ಮಾತ್ರ ಹೊರಗೇ ಇರುತ್ತದೆ.

ಈ ಟೂರ್ನಮೆಂಟಿನ ನೆಲವನ್ನು ಹೊಲಿದದ್ದೂ ದಾವಲಸಾಬರೇ. ಮರದ ಹಲಗೆ ಹಾಸಿ, ಮೇಲೆ ದಪ್ಪ ಕ್ಯಾನ್ವಾಸು ಬಿಗಿದು ಕೋರ್ಟು ಮಾಡಿದ್ದು. ಅವರ ಹೆಂಡತಿ ದೌಲತಬಿಯೂ ಬಂದು ಕೂತು ಪಟ್ಟಿ ಜೋಡಿಸಿದ್ದರು. ಕೆಲಸ ಮುಗಿಸಿ ಗುರುವಾರ ದಹಿಸರಿಗೆ ಹೊರಟಾಗ ದಾವಲಸಾಬರು "ಶನಿವಾರ ಆಟಕ್ಕ ಬರ್ತೇನ್ರಿ ಅಣ್ಣಾರ" ಎಂದಿದ್ದರು. ಧಣಿಗಳಿಗೆ ಅಷ್ಟೇ ಸಾಕಾಯಿತು. ಮುಂಗಡ ಟಿಕೇಟು ಬೇಕೆಂದು ಬಂದವರನ್ನೆಲ್ಲ ವಾಪಸು ಕಳಿಸಿದರು. ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, "ಮೊದಲ ಟಿಕೇಟು ಅವರ ಕೈಗೆ. ಆಮೇಲೆ ಉಳಿದವರಿಗೆ. ಯಾರಿಗೂ ಹೇಳ್ಬೇಡ, ಅವರಿಗಂತೂ ಹೇಳ್ಲೇಬೇಡ," ಎಂದು ನನ್ನ ಕೈಯಿಂದ ದೇವರ ಪಟ ಮುಟ್ಟಿಸಿ ಆಣೆ ಹಾಕಿಸಿಕೊಂಡರು.

ಶನಿವಾರ ಹೋಟೆಲಿಗೇ ರಜೆ ಕೊಟ್ಟು ನಾವೆಲ್ಲ ಇಲ್ಲಿಗೆ ಬಂದಿದ್ದೆವು. ಧಣಿ ಬೋಣಿ ಆಗುವ ತನಕ ಸಭಾಂಗಣದ ಹೊಸ್ತಿಲು ದಾಟುವುದಿಲ್ಲ ಎಂದು ಹೊರಗಿನ ಗೇಟಿನ ಹತ್ತಿರವೇ ನಿಂತಿದ್ದರು. ಕೊಡೆ ಇದ್ದೂ ಬಿಡಿಸಿರಲಿಲ್ಲ. ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಕಡೆಯ ರಸ್ತೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಆ ಕಡೆಯಿಂದ ಬಂದವನೊಬ್ಬ, "ಗಾಡಿಗಳು ತಡ. ಬಾಂದ್ರಾದ ಹತ್ತಿರ ಹಳಿಯ ಮೇಲೆ ನೀರು," ಅಂದ. ಅದು ಕಿಟಕಿಯ ಸಂದಿಯಿಂದ ನನ್ನ ಕಿವಿಗೂ ಬಿತ್ತು. ದಹಿಸರಿನಿಂದ ಬರುವ ಗಾಡಿ ಬಾಂದ್ರಾ ದಾಟಿಯೇ ಬರಬೇಕು.

ಹಿಂಬಾಗಿಲು ದಬದಬ ಬಡಿಯಿತು. ವಿನೋದಿನಿ. ಕೂದಲು ಬಿಚ್ಚಿಹೋಗಿತ್ತು, ಕೈಯಲ್ಲಿ ಸೀಟಿ.

"ಚೆನ್ನಯಣ್ಣ, ವಾಟ್ ಈಸ್ ದಿಸ್? ಕೌಂಟರ್ ಯಾಕೆ ಬಂದ್? ಅಪ್ಪನ ಹತ್ರ ಕೇಳಿದ್ರೆ 'ಸ್ವಲ್ಪ ತಡಿ, ಸ್ವಲ್ಪ ತಡಿ' ಅಷ್ಟೇ ಹೇಳ್ತಾರೆ. ಪ್ಲೇಯರ್ಸ್ ಒಳಗೆ ವಾರ್ಮ್ ಅಪ್ ಮಾಡ್ತಿದ್ದಾರೆ, ಖುರ್ಸಿ ಎಲ್ಲ ಖಾಲಿ! ಭರೂಚಾ ಅಂಕಲ್ ಫೋನ್ ಮಾಡಿದ್ರು, ಕೋಟೆಯಿಂದ ಹೊರಟಿದ್ದಾರೆ."

"ಸ್ವಲ್ಪ ತಡಿ ಮಗಾ," ಎಂದೆ ನಾನೂ.

"ನೀವೂ ಅದೇ!" ಎಂದವಳು ಕುಸಿದು ಟಿಕೇಟಿನ ಕಟ್ಟುಗಳ ಪಕ್ಕ ಕೂತಳು. ಅಳು ಬಂದಿತ್ತು. "ಪಬ್ಲಿಕ್ ಹೋಗ್ತಾ ಇದೆ ಚೆನ್ನಯಣ್ಣ. ನಾನು ನೋಡಿದೆ, ಲೈನಿಂದ ಜನ ಸ್ಟೇಷನ್ ಕಡೆ ಹೋಗ್ತಾ ಇದ್ದಾರೆ. ಇಟ್ ವಿಲ್ ಗೋ ಟು ದ ಜಿಮಖಾನಾ. ಅಪ್ಪ ಸತ್ತೇ ಹೋಗ್ತಾರೆ."

ಸಣ್ಣವಳಿದ್ದಾಗ ನನ್ನ ಗಲ್ಲೆಯ ಪಕ್ಕ ಕೂತು ಪೆಪ್ಪರಮಿಂಟು ತಿಂದು ಬೆಳೆದ ಹುಡುಗಿ. ಅವಳ ಅಳು ನೋಡಿ ನನ್ನ ಆಣೆ ನೀರಾಯಿತು. ಒಳ್ಳೆಯದಾಗಲಿ ಕೆಟ್ಟದಾಗಲಿ ಎಂದು ಎಲ್ಲ ಹೇಳಿಬಿಟ್ಟೆ. ಹೋಟೆಲಿನ ಬೋಣಿಯ ವಿಚಾರ ಅವಳಿಗೆ ಗೊತ್ತಿತ್ತು. ಅದು ಟೆನಿಸ್ಸಿಗೂ ಹಿಂಬಾಲಿಸಿಕೊಂಡು ಬಂದಿದೆ ಎಂದು ಗೊತ್ತಿರಲಿಲ್ಲ.

ನಾನು ಮುಗಿಸುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು.

"ದಾವಲ್ ಚಾಚಾ? ಅವರು ಒಳಗೇ ಇದ್ದಾರೆ. ಮಧ್ಯಾಹ್ನದಿಂದ ಇದ್ದಾರೆ."

"ಯಾರು?"

"ಚಾಚಾ! ನಾನೇ ಪಾಸ್ ಕೊಟ್ಟಿದ್ದು, ಥರ್ಸ್‌ಡೇ ದಿನ. ಫಸ್ಟ್ ರೋ. ಕೋರ್ಟ್ ಮಾಡಿದವರು ಅಲ್ವಾ, ಲೈನಲ್ಲಿ ನಿಂತು ಟಿಕೇಟ್ ತಗೊಳ್ಳೋದು ಚೆನ್ನಾಗಿರಲ್ಲ ಅಂತ. ಪ್ಲೇಯರ್ಸ್ ಗೇಟಿಂದ ಬನ್ನಿ ಅಂತ ಹೇಳಿದ್ದೆ."

ಹುಡುಗಿ ಮಾಡಿದ್ದು ಮರ್ಯಾದೆಯ ಕೆಲಸ, ಯಾರೂ ತಪ್ಪೆನ್ನುವಂತಿಲ್ಲ. ಆದರೆ ಬೋಣಿ ಮಾಡುವ ಕೈಗೇ ಪುಕ್ಕಟೆ ಪಾಸು ಕೊಟ್ಟು ಹಿಂದಿನ ಬಾಗಿಲಿನಿಂದ ಒಳಗೆ ಕೂರಿಸಿದ್ದಳು! ಮುಂದಿನ ಬಾಗಿಲಲ್ಲಿ ಅವಳ ಅಪ್ಪ ಮಳೆಯಲ್ಲಿ ನಿಂತು ದಹಿಸರಿನ ಗಾಡಿ ಕಾಯುತ್ತಿದ್ದರು.

ಇಬ್ಬರೂ ಒಳಗೆ ಓಡಿದೆವು. ದೀಪಗಳ ಕೆಳಗೆ ಹಸಿರು ಬಣ್ಣದ ಕ್ಯಾನ್ವಾಸು, ಅದರ ಮೇಲೆ ಇಬ್ಬರು ಉದ್ದನೆಯ ಬಿಳಿಯರು ಚೆಂಡು ಹೊಡೆಯುತ್ತಿದ್ದರು. ಹೊಡೆದದ್ದಕ್ಕೆಲ್ಲ ಖಾಲಿ ಸಭಾಂಗಣ ಟೊಣ್ ಟೊಣ್ ಎಂದು ಪ್ರತಿಧ್ವನಿ ಕೊಡುತ್ತಿತ್ತು. ಮೊದಲ ಸಾಲಿನಲ್ಲಿ ಒಬ್ಬರೇ ಒಬ್ಬರು ಕೂತಿದ್ದರು. ಹಬ್ಬಕ್ಕೆ ಹಾಕುವ ಬಿಳಿ ಜುಬ್ಬಾ, ಅತ್ತರು, ಎದೆಗೆ ವಿನೋದಿನಿ ಚುಚ್ಚಿಸಿದ್ದ ರಿಬ್ಬನ್ನಿನ ಹೂವು. ಕರವಸ್ತ್ರದ ಒಂದು ತುದಿಯಲ್ಲಿ ಏನನ್ನೋ ಗಂಟು ಹಾಕಿಕೊಂಡು ಅದನ್ನೇ ಬೆರಳುಗಳಲ್ಲಿ ತಿರುವುತ್ತಿದ್ದರು.

"ಯಾವಾಗ ಬಂದ್ರಿ ದಾವಲಸಾಬ್ರೆ?" ಎಂದೆ.

"ನಮಾಜ್ ಮುಗಿಸ್ಕೊಂಡು ಬಂದ್‌ಬಿಟ್ಟೇನ್ರಿ. ವಿನೋದಿನಿ ಬೇಬಿ, ಟಿಕೇಟ್ ತಗೊಳೂದು ಬ್ಯಾಡ ಅಂದಿದ್ಲಲ್ಲ." ಕೋರ್ಟಿನ ಕಡೆ ನೋಡುತ್ತಲೇ ಕೇಳಿದರು. "ಬೋಣಿ ಯಾರ ಕೈಲೆ ಆತ್ರಿ? ಭರೂಚಾ ಸಾಹೇಬ್ರ ಕೈಲೇನು?"

ನಿಜ ನನ್ನ ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಕರೆದ ಹಾಗಾಯಿತು, ಕರೆದರೆ ಧಣಿ ಆ ದುಡ್ಡನ್ನು ಮುಟ್ಟುವುದಿಲ್ಲ. ನಾನು ಅಂಗಿಯ ಗುಂಡಿ ತಿರುವುತ್ತ ನಿಂತೆ.

"ಇರ್ಲಿ ಬಿಡ್ರಿ," ಎಂದರು ದಾವಲಸಾಬರು. "ದೊಡ್ಡ ಕಾರ್ಯೇಕ ದೊಡ್ಡವರ ಕೈ ಬೇಕಾಗ್ತದ. ನಮ್ದು ಚಾದ ಅಂಗಡಿ ಮಟ್ಟಿಗೆ ಆತು." ನಗಲು ನೋಡಿದರು, ಆಗಲಿಲ್ಲ. ಅವರಿಗೆ ಬೇಸರವಾಗಿತ್ತು. ಇಷ್ಟು ವರ್ಷ ಧಣಿ ಹೇಗೆ ಬಾಯಿಬಿಟ್ಟಿರಲಿಲ್ಲವೋ ಇವರೂ ಬಿಟ್ಟಿರಲಿಲ್ಲ, ಆದರೆ ತಾನು ಯಾರು ಎಂದು ಇವರಿಗೂ ಗೊತ್ತಿತ್ತು. ಗೊತ್ತಿದ್ದೇ ಹಬ್ಬದ ಬಟ್ಟೆ ಹಾಕಿಕೊಂಡು ಬಂದಿದ್ದರು.

ಆಗ ವಿನೋದಿನಿ ಮುಂದೆ ಬಂದು ಕೈ ಚಾಚಿದಳು.

"ಚಾಚಾ, ವೋ ಪಾಸ್ ವಾಪಸ್ ಚಾಹಿಯೇ."

ಅವಳ ಲೆಕ್ಕ ನನಗೆ ತಿಳಿಯಿತು. ಪಾಸು ಕೈಯಲ್ಲಿರುವ ತನಕ ಅವರು ಟಿಕೇಟು ಕೊಳ್ಳುವುದಿಲ್ಲ. ಕಾರಣ ಹೇಳುವಂತಿಲ್ಲ. ಹಾಗಾಗಿ ಪಾಸು ತೆಗೆದುಕೊಂಡುಬಿಡುವುದು. ಲೆಕ್ಕ ಸರಿಯೇ ಇತ್ತು, ಆದರೆ ಹೊರಬಂದ ಮಾತು ಕೇಳುವ ಹಾಗಿರಲಿಲ್ಲ. ನನ್ನ ಕಿವಿಗೇ ಅದು ಎದ್ದು ಹೋಗು ಎಂದಂತೆ ಕೇಳಿಸಿತು.

ದಾವಲಸಾಬರು ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ. ನಾನು ತಲೆ ತಗ್ಗಿಸಿದೆ. "ಲೇ ಲೋ ಬೇಟಿ," ಎಂದು ಜೇಬಿನಿಂದ ಪಾಸು ತೆಗೆದು ಕೊಟ್ಟರು. ಎದೆಯ ಮೇಲಿನ ಹೂವನ್ನೂ ಜೋಪಾನವಾಗಿ ಬಿಚ್ಚಿ ಅದರ ಮೇಲಿಟ್ಟರು. ಕುರ್ಚಿಯ ಕೆಳಗಿದ್ದ ಕೊಡೆ ಹುಡುಕಿ ತೆಗೆದುಕೊಂಡು ಆಟಗಾರರ ಗೇಟಿನಿಂದ ಹೊರಗೆ ನಡೆದರು.

ನಾನು ಗೂಡಿಗೆ ವಾಪಸು ಓಡಿ ಕಿಟಕಿಯ ಸಂದಿಗೆ ಕಣ್ಣಿಟ್ಟೆ. ಆಟಗಾರರ ಗೇಟು ತೆರೆಯುವುದು ಪಕ್ಕದ ಓಣಿಗೆ, ಓಣಿ ಬಂದು ಸೇರುವುದು ಮುಂದಿನ ರಸ್ತೆಗೆ, ಧಣಿ ನಿಂತಿದ್ದ ಜಾಗಕ್ಕಿಂತ ಸ್ವಲ್ಪ ಆಚೆ. ಓಣಿಯ ಬಾಯಲ್ಲಿ ಕಪ್ಪು ಕೊಡೆ ಕಾಣಿಸಿಕೊಂಡಿತು. ಧಣಿ ನೋಡಿದರು. ಆ ಮುಖ ಒಮ್ಮೆಲೇ ಬೆಳಗಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಕೂಡಲೇ ಅವರು ಅಭ್ಯಾಸಬಲದಿಂದ ಬೆನ್ನು ತಿರುಗಿಸಿ ನಿಂತರು.

ದಾವಲಸಾಬರು ಆ ಬೆನ್ನು ನೋಡಿದರು. ನೋಡಿ, ಸ್ಟೇಷನ್ನಿನ ದಾರಿ ಹಿಡಿದರು.

ಅಯ್ಯೋ ದೇವರೇ ಎಂದು ನಾನು ತಲೆ ತಲೆ ಚಚ್ಚಿಕೊಂಡೆ. ಧಣಿ ಬೆನ್ನು ಹಾಕಿಕೊಂಡು ಹೆಜ್ಜೆಯ ಸದ್ದಿಗೆ ಕಾದರು. ಬರಲಿಲ್ಲ. ಮೆಲ್ಲಗೆ ತಿರುಗಿದರು. ಕೊಡೆ ರಸ್ತೆಯ ತಿರುವಿನಲ್ಲಿತ್ತು. ವಿನೋದಿನಿ ಓಡಿಬಂದು "ಚಾಚಾ!" ಎಂದು ಕೂಗಲು ಹೋದಳು, ಧಣಿ ಕೈ ಅಡ್ಡ ಹಿಡಿದು ಅವಳನ್ನು ತಡೆದರು. ಕೊಡೆ ತಿರುವು ದಾಟಿ ಮರೆಯಾಯಿತು. ಮಗಳು ಅಪ್ಪನ ತೋಳು ಹಿಡಿದು ಏನೇನೋ ಹೇಳುತ್ತಿದ್ದಳು. ಪಾಸಿನ ಕತೆ ಇರಬೇಕು. ಕೇಳುತ್ತ ಕೇಳುತ್ತ ಧಣಿ ಗೇಟಿನ ಕಂಬಕ್ಕೆ ಒರಗಿಕೊಂಡರು.

ಆಮೇಲೆ ಎಷ್ಟು ಹೊತ್ತು ಹಾಗೇ ಇದ್ದರೋ. ಸಾಲು ಬಿಟ್ಟು ಹೋಗುವವರು ಹೋಗುತ್ತಲೇ ಇದ್ದರು. "ಫಾಲ್ತು ಧಂದಾ ಹೈ" ಎಂದು ಬೈಯುವವರು ಬೈಯುತ್ತಿದ್ದರು. ಆರಕ್ಕೆ ಇನ್ನೇನು ಸ್ವಲ್ಪ ಹೊತ್ತಿತ್ತು. ಧಣಿ ನನ್ನ ಗೂಡಿನ ಹತ್ತಿರ ಬಂದು ಹಲಗೆ ತಟ್ಟಿದರು. ನಾನು ಒಂದು ಬೆರಳಿನಷ್ಟು ಸರಿಸಿದೆ.

"ತೆಗಿ ಚೆನ್ನಯ," ಎಂದರು. ಸ್ವರ ಸೋತಿತ್ತು. "ಯಾರ ಕೈಯಿಂದಾದ್ರೂ ಆಗ್ಲಿ. ಮಗಳ ಮುಖ ನೋಡ್ಲಿಕ್ಕೆ ಆಗುದಿಲ್ಲ ನಂಗೆ."

ಆ ಮನುಷ್ಯ ಸೋತದ್ದನ್ನು ನಾನು ಮೊದಲ ಸಲ ನೋಡಿದ್ದು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಚಿಲಕದ ಮೇಲೆ ಕೈಯಿಟ್ಟೆ. ತೆರೆಯುವ ಮೊದಲು ಸಾಲಿನ ಕಡೆ ಒಮ್ಮೆ ನೋಡಿದೆ, ಇನ್ನು ಎಷ್ಟು ಜನ ಉಳಿದಿದ್ದಾರೋ ಎಂದು. ಸಾಲಿನ ಕಟ್ಟಕಡೆಗೆ, ಬೆಳ್ಳುಳ್ಳಿ ಮಾರುವವನ ಗಾಡಿಯ ಪಕ್ಕ, ಕಪ್ಪು ಕೊಡೆ ಹಿಡಿದು ಬಿಳಿ ಜುಬ್ಬಾ ತೊಟ್ಟವರೊಬ್ಬರು ನಿಂತಿದ್ದರು.

ದಾವಲಸಾಬರು ತಿರುಗಿ ಬಂದಿದ್ದರು. ಬಂದು, ಸಾಲು ಮುರಿಯದೆ, ಎಲ್ಲರ ಹಿಂದೆ ನಿಂತಿದ್ದರು.

"ಧಣಿ," ಎಂದೆ, "ಹಿಂದೆ ನೋಡಿ. ಮೆಲ್ಲಗೆ."

ಧಣಿ ನೋಡಿದರು. ಕಿಟಕಿಯ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆದರೆ ಈಗೇನು ಮಾಡುವುದು? ದಾವಲಸಾಬರ ಮುಂದೆ ಇನ್ನೂರು ಜನರಾದರೂ ಇದ್ದಾರು. ಮುಂದೆ ಬನ್ನಿ ಎಂದರೆ ಕರೆದ ಹಾಗೆ. ಕರೆದರೂ ಮುಂಬಯಿಯ ಸಾಲು ಬಿಡುತ್ತದೆಯೇ? ಕಣ್ಣು ಕಿತ್ತುಬಿಡುತ್ತಾರೆ. ಮೊದಲಿನವನಿಗೆ ಟಿಕೇಟು ಕೊಟ್ಟರೆ ಬೋಣಿ ಅವನದಾಗುತ್ತದೆ. ಧಣಿ ನನ್ನ ಮುಖ ನೋಡಿದರು, ನಾನು ಧಣಿಗಳ ಮುಖ ನೋಡಿದೆ.

ಗಲ್ಲೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಕೂತಲ್ಲಿ ಎನ್ನುತ್ತೇನೆ, ಅದು ಸಾಲಿನ ಕೊನೆಯಾದರೂ ಸರಿ. ಹಿಂದೆ ಅಂಗಡಿಗೆ ಸುಣ್ಣ ಬಳಿಸಿದಾಗ ಫುಟ್‌ಪಾಥಿನಲ್ಲಿ ಸ್ಟೂಲು ಹಾಕಿಕೊಂಡು ಗಲ್ಲೆ ನಡೆಸಿದವನು ನಾನು. ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟೆ, ಟಿಕೇಟಿನ ಕಟ್ಟನ್ನು ಅಂಗಿಯೊಳಗೆ ತುರುಕಿದೆ, ಹಿಂಬಾಗಿಲಿನಿಂದ ಮಳೆಗೆ ಇಳಿದೆ.

"ಕಿಧರ್ ಜಾತಾ ಹೈ?" ಎಂದು ಸಾಲು ಗದ್ದಲ ಎಬ್ಬಿಸಿತು. ನಾನು ಯಾರ ಕಡೆಗೂ ನೋಡಲಿಲ್ಲ. ಧಣಿ ನನ್ನ ಹಿಂದೆ ಬಂದರು. ಬೆಳ್ಳುಳ್ಳಿ ಗಾಡಿಯ ಮೂಲೆಯಲ್ಲಿ ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದು ಸುಮ್ಮನೆ ನಿಂತೆ. ಬನ್ನಿ ಎನ್ನಲಿಲ್ಲ, ಕೊಳ್ಳಿ ಎನ್ನಲಿಲ್ಲ. ಕಣ್ಣಿನಲ್ಲಿ ಏನಾದರೂ ಹೇಳಿದ್ದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ದಾವಲಸಾಬರು ಪೆಟ್ಟಿಗೆ ನೋಡಿದರು. ಒಂದು ನಾಣ್ಯವೂ ಹೊಸದಾಗಿ ಬೀಳದ, ನಾನು ಬೆಳಿಗ್ಗೆ ಜೋಡಿಸಿಟ್ಟ ಹಾಗೇ ಇದ್ದ ಚಿಲ್ಲರೆ. ಪೂರ್ತಿ ಇದ್ದ ಟಿಕೇಟಿನ ಕಟ್ಟು. ಆಮೇಲೆ ತಲೆಯಿಂದ ಕಾಲಿನ ತನಕ ತೊಯ್ದು ನಿಂತಿದ್ದ ಧಣಿಗಳನ್ನು ನೋಡಿದರು. ಅವರಿಗೆ ಅರ್ಥವಾಯಿತು. ಕರವಸ್ತ್ರದ ಗಂಟು ಬಿಚ್ಚಲು ಹೋದರು, ನೆನೆದ ಗಂಟು ಬಿಚ್ಚಿಕೊಳ್ಳಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದರು.

"ಒಂದು ಟಿಕೇಟ್ ಕೊಡ್ರಿ," ಎಂದರು. "ಬರಕತ್ ಆಗ್ಲಿ."

ಧಣಿ ಆ ದುಡ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಎಷ್ಟೋ ಹೊತ್ತು ಹಾಗೇ ಒತ್ತಿಕೊಂಡಿದ್ದರು, ಮಳೆಯಲ್ಲಿ ಅತ್ತರೂ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ತಮ್ಮ ಜೇಬಿಗೆ ಕೈಹಾಕಿ, "ನಂಗೂ ಒಂದು ಕೊಡು ಚೆನ್ನಯ. ಅವರ ಪಕ್ಕದ್ದು," ಅಂದರು.

ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಗೂಡಿಗೆ ಓಡಿ ಕಿಟಕಿ ತೆರೆದೆ, ಕೈಗಳು ಒಳಗೆ ನುಗ್ಗಿದವು, ಹರಿದು ಹರಿದು ಕೊಟ್ಟೆ. ಸಾಲು ಬೇಗ ಮುಗಿದುಹೋಯಿತು. ಅರ್ಧಕ್ಕರ್ಧ ಟಿಕೇಟು ಹಾಗೇ ಉಳಿದಿತ್ತು. ಹೋದವರು ಹೋಗಿಯೇಬಿಟ್ಟಿದ್ದರು. ಒಳಗೆ ಸೀಟಿ ಊದಿದ್ದು ಕೇಳಿತು, ಆಟ ಶುರುವಾಯಿತು. ಭರೂಚಾ ಸಾಹೇಬರು ಯಾವ ಗಳಿಗೆಯಲ್ಲಿ ಬಂದರೂ ಅವರಿಗೆ ಕಾಣುವುದು ಖಾಲಿ ಕುರ್ಚಿಗಳೇ.

ಆಗ ಸ್ಟೇಷನ್ನಿನ ಕಡೆಯಿಂದ ಜನ ಬರತೊಡಗಿದರು. ಮೊದಲು ಇಬ್ಬರು, ಆಮೇಲೆ ಗುಂಪು ಗುಂಪಾಗಿ. ಬೈದು ಹೋದವರೇ ತೊಯ್ದು ತೊಪ್ಪೆಯಾಗಿ ವಾಪಸು ಬಂದಿದ್ದರು. ಅವರ ಜೊತೆಗೆ ಊಟದ ಡಬ್ಬಿ ಹಿಡಿದ ಆಫೀಸಿನವರು, ಸೊಪ್ಪಿನ ಬುಟ್ಟಿ ಹೊತ್ತ ನೀಲಾಬಾಯಿ ಎಂಬ ತರಕಾರಿ ಹೆಂಗಸು, ಪೊಲೀಸನೊಬ್ಬ. ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನಿನ ಗಾಡಿಗಳು ಬಂದ್. ಮನೆಗೆ ಹೋಗುವಂತಿಲ್ಲ, ನಿಲ್ಲಲು ಒಣಗಿದ ಜಾಗವಿಲ್ಲ. "ಒಳಗೆ ಯಾವ ನಾಟಕ?" ಎಂದು ಒಬ್ಬ ಕೇಳಿದ. "ಮಾಡು ಸೋರುವುದಿಲ್ಲ," ಎಂದೆ ನಾನು. ಕೊಂಡ. ನೀಲಾಬಾಯಿ ಬುಟ್ಟಿಗೂ ಟಿಕೇಟು ಬೇಕೇ ಎಂದು ಜಗಳ ತೆಗೆದಳು. ಕಡೆಕಡೆಗೆ ಕಟ್ಟು ಮುಗಿದು, ನಿಂತು ನೋಡುವವರಿಗೆ ಬಿಳಿ ಚೀಟಿಯಲ್ಲಿ ಬರೆದು ಕೊಟ್ಟೆ.

ಭರೂಚಾ ಸಾಹೇಬರ ಕಾರು ಭಾಯ್ಖಳಾದ ನೀರಿನಲ್ಲಿ ನಿಂತುಹೋಗಿತ್ತಂತೆ. ಪ್ಯಾಂಟು ಮೊಣಕಾಲಿನವರೆಗೆ ಮಡಿಸಿಕೊಂಡು, ಬೂಟು ಕೈಯಲ್ಲಿ ಹಿಡಿದುಕೊಂಡು ಅವರು ಬಂದಾಗ ಒಳಗೆ ಎಳ್ಳು ಹಾಕಲು ಜಾಗವಿರಲಿಲ್ಲ. ಹಂಗೇರಿಯವನು ಒಂದು ಚೆಂಡನ್ನು ಬಿದ್ದು ಎದ್ದು ಹೊಡೆದದ್ದಕ್ಕೆ ಗಿರಣಿಯವರೆಲ್ಲ ಸಿಳ್ಳೆ ಹಾಕುತ್ತಿದ್ದರು. ಸಾಹೇಬರು ಬಾಗಿಲಲ್ಲಿ ಬಾಯಿ ತೆರೆದು ನಿಂತರು. ವ್ಯವಸ್ಥೆಯಲ್ಲಿ ನೂರು ಹುಳುಕು ಹುಡುಕಿ, ಕೊನೆಗೆ ವಿನೋದಿನಿಯ ಕೈಕುಲುಕಿ, "ಮುಂದಿನ ವರ್ಷ ಇಲ್ಲೇ. ಆದರೆ ಟಿಕೇಟು ತಿಂಗಳ ಮೊದಲೇ ಮಾರಬೇಕು, ಗೊತ್ತಾಯಿತೇ?" ಎಂದರು. ಅವಳು ನಗುತ್ತಲೋ ಅಳುತ್ತಲೋ ನನ್ನ ಕಡೆ ನೋಡಿದಳು.

ಧಣಿಗಳಿಗೆ ಹೇಳೋಣವೆಂದು ಹುಡುಕಿದೆ. ಮೊದಲ ಸಾಲಿನ ಕುರ್ಚಿಗಳಲ್ಲಿ ಅವರಿರಲಿಲ್ಲ. ಅಗ್ಗದ ಟಿಕೇಟಿನ ಕಡೆಯ ಬೆಂಚಿನಲ್ಲಿ, ಗೋಡೆಗೆ ತಾಗಿ, ದಾವಲಸಾಬರ ಪಕ್ಕ ಕೂತಿದ್ದರು. ಇಬ್ಬರ ಬಟ್ಟೆಯೂ ಒದ್ದೆ. ಅವರ ಹಿಂದೆ ಹೋಗಿ ಸುದ್ದಿ ಹೇಳಿದೆ. ಧಣಿ ತಲೆ ಆಡಿಸಿದರು, ಕೋರ್ಟಿನಿಂದ ಕಣ್ಣು ಕೀಳಲಿಲ್ಲ. ಅವರ ಕತ್ತು ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ತಿರುಗುತ್ತಿತ್ತು.

"ಎರಡೂ ಕಡೆ ಕಾಣ್ತದೆ ಚೆನ್ನಯ," ಎಂದರು.

ದಾವಲಸಾಬರು ಚೆಂಡು ನೋಡುತ್ತಿರಲಿಲ್ಲ, ತಮ್ಮ ಹೊಲಿಗೆ ನೋಡುತ್ತಿದ್ದರು. ಆಟಗಾರ ಜಾರಿ ಓಡಿದಾಗೆಲ್ಲ ಅವರ ಮುಷ್ಟಿ ಬಿಗಿಯಾಗುತ್ತಿತ್ತು. ಒಂದು ಆಟ ಮುಗಿದು ಚಪ್ಪಾಳೆ ಬಿದ್ದಾಗ ಅವರು ಮೆಲ್ಲಗೆ ಅಂದರು.

"ಒಂದ್ ಮಾತು ಹೇಳ್ಲೇನ್ರಿ ಅಣ್ಣಾರ? ನಾ ಮನೀಗೇ ಹೊಂಟಿದ್ದೆ. ಭಾಳ ಬ್ಯಾಸರಾಗಿತ್ತು. ಸ್ಟೇಷನ್‌ದಾಗ ನೋಡಿದ್ರ ಗಾಡಿ ಬಂದ್. ಎಲ್ಲಿಗೂ ಹೋಗಾಕ ದಾರಿ ಇಲ್ಲಂತ ತಿರಗಿ ಬಂದೆ. ಗಾಡಿ ಇದ್ದಿದ್ರ ಬರ್ತಿದ್ದಿಲ್ಲ."

ಧಣಿಗಳ ಕತ್ತು ನಿಂತುಹೋಯಿತು. ತಾನಾಗಿ ಬಂತು ಎಂದು ಅವರು ಕಣ್ಣಿಗೊತ್ತಿಕೊಂಡ ಬೋಣಿ ಹಳಿಯ ಮೇಲಿನ ನೀರು ತಂದುಕೊಟ್ಟದ್ದು.

"ನೀವು ಬರದಿದ್ರೆ ನಾನು ಸತ್ತೆ ಅಂತ ಲೆಕ್ಕ," ಎಂದರು ಧಣಿ ಕೊನೆಗೆ. "ನಿಮ್ಮದೇ ದಾರಿ ನೋಡ್ತಾ ನಿಂತಿದ್ದೆ. ನಾಲ್ಕು ಗಂಟೆಯಿಂದ."

"ನಂಗ ಹೆಂಗ ತಿಳೀಬೇಕ್ರಿ? ನೀವು ಬೆನ್ನು ತಿರಿವಿ ನಿಂತಿದ್ರಿ."

"ಅದು ಹೇಳುದಲ್ಲ ದಾವಲಸಾಬ್ರೆ."

"ಹೇಳಬೇಕಿತ್ರಿ," ಎಂದರು ದಾವಲಸಾಬರು. "ಇಷ್ಟು ವರ್ಷದಾಗ ಒಂದ್ ಸಲರೆ ಹೇಳಬೇಕಿತ್ತು."

ಆ ಸಂಜೆಯ ಉಳಿದ ಆಟವನ್ನು ಇಬ್ಬರೂ ಅಲ್ಲೇ ಕೂತು ನೋಡಿದರು. ಆಟ ಮುಗಿಯುವ ಹೊತ್ತಿಗೆ ಗಾಡಿಗಳು ಶುರುವಾಗಿದ್ದವು.

ಮರುದಿನ ಬೆಳಿಗ್ಗೆ ಹೋಟೆಲು ತೆರೆದೆವು. ಹಾಲು ಕಾಯುತ್ತಿತ್ತು, ನಾನು ಗಲ್ಲೆಯ ಮೇಲೆ ಕೂತು ನನ್ನ ಕೆಲಸವಾದ ಚಿಂತೆಯನ್ನು ಶುರು ಮಾಡಿದ್ದೆ. ದಾವಲಸಾಬರು ಬರುತ್ತಾರೋ ಇಲ್ಲವೋ? ಮಾನವಂತ ಮನುಷ್ಯನಿಂದ ಪಾಸು ಕಿತ್ತುಕೊಂಡಿದ್ದೇವೆ. ನೋಡಿದರೆ ಊದುಬತ್ತಿ ಹಚ್ಚಬೇಕಾದ ಧಣಿ ಒಳಗೆ ಇರಲಿಲ್ಲ. ಫುಟ್‌ಪಾಥಿಗೆ ಇಳಿದು, ಸ್ಟೇಷನ್ನಿನ ಕಡೆಗೆ ಮುಖಮಾಡಿ, ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದರು.

ದೂರದಲ್ಲಿ ದಾವಲಸಾಬರ ಬಿಳಿ ಟೊಪ್ಪಿಗೆ ಕಂಡಿತು. ಧಣಿ ಕೈ ಮೇಲೆತ್ತಿದರು. ನನಗೆ ಗಾಬರಿಯಾಯಿತು, ಅಯ್ಯೋ ಬೋಣಿ ಕೆಟ್ಟಿತಲ್ಲ ಎಂದು ಅರ್ಧ ಎದ್ದು ನಿಂತೆ.

"ಬನ್ನಿ ದಾವಲಸಾಬ್ರೆ, ಬನ್ನಿ!" ಎಂದು ಅವರು ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದರು. "ನಿಮ್ಮನ್ನೇ ಕಾಯ್ತಾ ಇದ್ದೇನೆ!"

ದಾವಲಸಾಬರು ಅಲ್ಲೇ ನಿಂತುಬಿಟ್ಟರು. ಆಮೇಲೆ ಜುಬ್ಬಾದ ಜೇಬಿಗೆ ಕೈಹಾಕಿ ನಾಣ್ಯ ಹುಡುಕುತ್ತ, ಸಣ್ಣ ಹುಡುಗನಂತೆ ಬಿರಬಿರನೆ ನಡೆದು ಬಂದರು.